ಡಯೊಕ್ಲೀಷಿಯನ್ (ಆಳ್ವಿಕೆ: ಕ್ರಿ.ಶ. 284–305)

ಹಿನ್ನೆಲೆ: ಡಾಲ್ಮೇಶಿಯಾದ (ಇಂದಿನ ಕ್ರೊಯೇಷಿಯಾ) ಬಡ ಕುಟುಂಬದಲ್ಲಿ ಜನನ. ಮೊದಲ ಹೆಸರು ಡಯೊಕ್ಲೆಸ್. ಸೈನಿಕನಾಗಿ ಮೇಲೇರಿದ ಈತನನ್ನು 284ರ ನವೆಂಬರ್‌ನಲ್ಲಿ ಸೇನೆಯೇ ರೋಮನ್ ಚಕ್ರವರ್ತಿಯೆಂದು ಸಾರಿತು. ಮೂರನೇ ಶತಮಾನದ ಅರಾಜಕತೆಗೆ ತೆರೆ ಎಳೆದದ್ದು ಈತನ ದೊಡ್ಡ ಸಾಧನೆ.

ಮುಖ್ಯಾಂಶಗಳು:
• 286: ಮ್ಯಾಕ್ಸಿಮಿಯನ್ ಪಶ್ಚಿಮ ಭಾಗದ ಸಹಚಕ್ರವರ್ತಿ.
• 293: ಟೆಟ್ರಾರ್ಕಿ, ಅಂದರೆ ನಾಲ್ವರ ಆಳ್ವಿಕೆ. ಇಬ್ಬರು ಹಿರಿಯರು ‘ಆಗಸ್ಟಸ್’. ಕಿರಿಯರಾದ ಕಾನ್‌ಸ್ಟಾಂಟಿಯಸ್, ಗಲೇರಿಯಸ್ ‘ಸೀಸರ್’.
• ಪ್ರಾಂತ್ಯಗಳ ಸಂಖ್ಯೆ ಸುಮಾರು ಇಮ್ಮಡಿ. ಅವುಗಳನ್ನು 12 ಡಯೊಸೀಸ್‌ಗಳಾಗಿ (ಪ್ರಾಂತ್ಯಗಳ ಗುಂಪುಗಳಾಗಿ) ವಿಂಗಡಣೆ.
• 301: ಗರಿಷ್ಠ ಬೆಲೆ ಶಾಸನ. 1,200ಕ್ಕೂ ಹೆಚ್ಚು ಸರಕು, ಸೇವೆಗಳಿಗೆ ದರ ನಿಗದಿ, ಮೀರಿದರೆ ಮರಣದಂಡನೆ. ಸರಕು ಮಾರುಕಟ್ಟೆಯಿಂದ ಮಾಯವಾಗಿ ಶಾಸನ ವಿಫಲವಾಯಿತು.
• 303: ಕ್ರೈಸ್ತರ ಮೇಲೆ ಕ್ರೂರ ದಮನ, ಚರ್ಚುಗಳ ನೆಲಸಮ, ಧರ್ಮಗ್ರಂಥಗಳ ದಹನ. ಇದು ಈತನ ಆಳ್ವಿಕೆಯ ಅಳಿಸಲಾಗದ ಕಳಂಕ.
• 305, ಮೇ 1: ಸ್ವಇಚ್ಛೆಯಿಂದ ಪದತ್ಯಾಗ.

ಕೊನೆಯ ದಿನಗಳು: ಡಾಲ್ಮೇಶಿಯಾದ ಸ್ಪ್ಲಿಟ್‌ನಲ್ಲಿದ್ದ ತನ್ನ ಅರಮನೆಯಲ್ಲಿ ವಾಸ. ಮತ್ತೆ ಸಿಂಹಾಸನವೇರಲು ಕರೆ ಬಂದಾಗ, ತನ್ನ ಕೈಯಾರೆ ನೆಟ್ಟ ತರಕಾರಿಗಳನ್ನು ನೋಡಿದರೆ ಹಾಗೆ ಕೇಳುತ್ತಿರಲಿಲ್ಲ ಎಂದನಂತೆ. ಅಧಿಕಾರ ಬಿಡುವುದೂ ಒಂದು ಹಿರಿಮೆ ಎಂಬುದಕ್ಕೆ ಇದು ಸಾಕ್ಷಿ.

ನೆನಪಿಡಿ: ಸ್ಪ್ಲಿಟ್ ಅರಮನೆ 1979ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಕಾಪ್ಟಿಕ್ (ಈಜಿಪ್ಟ್ ಕ್ರೈಸ್ತರ) ಪಂಚಾಂಗದ ‘ಹುತಾತ್ಮರ ಶಕೆ’ಯ ಆರಂಭ ವರ್ಷ, ಈತ ಪಟ್ಟಕ್ಕೇರಿದ 284.