ಮೊದಲು ಕಂಬ, ಆಮೇಲೆ ಮೇಜು

ಟೆಲಿಸ್ಕೋಪಿಗೆ ಸಾವಿರಗಟ್ಟಲೆ ಸುರಿಯುತ್ತೀರಿ, ಅದನ್ನು ನಿಲ್ಲಿಸುವ ಕಾಲಿಗೆ ಬಂದಾಗ ಮಾತ್ರ ಕೈ ಬಿಗಿಯುತ್ತೀರಿ. ಇದು ಸರಿಯಲ್ಲ. ನೂರು ಪಟ್ಟು ಹಿಗ್ಗಿಸಿ ನೋಡುವಾಗ ನಡುಕವೂ ನೂರು ಪಟ್ಟು ಹಿಗ್ಗುತ್ತದೆ. ಗುರುಗ್ರಹದ ಪಟ್ಟೆ ಕಾಣುವ ಬದಲು ಬೆಳಕಿನ ಚುಕ್ಕೆ ಕುಣಿಯುತ್ತದೆ, ಅಷ್ಟೆ. ಕ್ಯಾಂಪಿಗೆ ಒಯ್ಯಲು ಗಟ್ಟಿಯಾದ ಕಂಬವೊಂದನ್ನು ಮಾಡಿಸಿಕೊಳ್ಳಿ. ಹಗಲು ಅದೇ ಮೇಜೂ ಆಗಲಿ, ಬೇಡವೆನ್ನುವುದಿಲ್ಲ. ಆದರೆ ಮೇಜಿನ ಆಸೆಗೆ ಕಂಬವನ್ನು ಬಡವಾಗಿಸಬೇಡಿ.

ತೆಳ್ಳಗಿನ ಪೈಪು ಸಾಕೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ತಗಡಿನ ದಪ್ಪ ಅಷ್ಟೇ ಇಟ್ಟು ಪೈಪಿನ ಅಗಲ ಇಮ್ಮಡಿ ಮಾಡಿದರೆ ಬಾಗದೆ ನಿಲ್ಲುವ ಬಲ ಹೆಚ್ಚುಕಡಿಮೆ ಎಂಟು ಪಟ್ಟಾಗುತ್ತದೆ, ತೂಕ ಏರುವುದು ಎರಡೇ ಪಟ್ಟು. ಎತ್ತರದ ಲೆಕ್ಕ ಇದಕ್ಕೆ ತದ್ವಿರುದ್ಧ: ಇಮ್ಮಡಿ ಎತ್ತರಿಸಿದರೆ ಬಾಗುವುದು ಎಂಟು ಪಟ್ಟು. ಹಾಸಿಗೆ ಇದ್ದಷ್ಟು ಕಾಲು ಚಾಚಿ. 4 ಇಂಚಿನ ಕಬ್ಬಿಣದ ಪೈಪು, 80 ಸೆಂಟಿಮೀಟರ್ ಉದ್ದ, ಸಣ್ಣ ಟೆಲಿಸ್ಕೋಪಿಗೆ ಧಾರಾಳ. ಕುರ್ಚಿ ಹಾಕಿಕೊಂಡು ನೋಡಿ. ಸತು ಲೇಪಿಸಿದ ಜಿ.ಐ. ಪೈಪನ್ನು ಲೇಪ ತೆಗೆಯದೆ ಹಾಗೆಯೇ ವೆಲ್ಡಿಂಗಿಗೆ ಕೊಡಬೇಡಿ. ಸತುವಿನ ಹೊಗೆ ಕುಡಿದ ಕೆಲಸದವರಿಗೆ ಜ್ವರ ಬರುತ್ತದೆ.

ಕಂಬದ ಬುಡಕ್ಕೆ ಕಾಲು ಮೂರೇ ಇರಲಿ, ಉಬ್ಬುತಗ್ಗಿನ ನೆಲದಲ್ಲಿ ನಾಲ್ಕು ಕಾಲಿನದು ಕುಂಟುತ್ತದೆ. ಬೋಲ್ಟ್ ಬಿಚ್ಚಿದರೆ ಕಾಲುಗಳು ಕಳಚಿ ಬರುವಂತೆ ಮಾಡಿಸಿ, ಕಂಬವನ್ನು ಮಾತ್ರ ನಡುವೆ ಕತ್ತರಿಸಿ ಜೋಡಿಸಲು ಹೋಗಬೇಡಿ. ಖಾಲಿ ಪೈಪು ಒಯ್ದು, ಕ್ಯಾಂಪಿನಲ್ಲಿ ಒಣ ಮರಳು ತುಂಬಿ. ಹತ್ತು ಕಿಲೋ ಮೀರಿದ ಭಾರ ಸೇರುತ್ತದೆ. ಕಣಕಣ ಉಜ್ಜಿಕೊಂಡು ಕಂಪನವೂ ಬೇಗ ಅಡಗುತ್ತದೆ. ಟೆಲಿಸ್ಕೋಪನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿ, ಎರಡು ಮೂರು ಸೆಕೆಂಡಿನಲ್ಲಿ ಚಿತ್ರ ನಿಲ್ಲಬೇಕು. ಕಡಲ ಮರಳು ಬೇಡ, ಉಪ್ಪಿಗೆ ತುಕ್ಕು ಹಿಡಿಯುತ್ತದೆ.

ನಮ್ಮ ಕಡೆಯವರಿಗಂತೂ ಟ್ರೈಪಾಡಿಗಿಂತ ಕಂಬವೇ ಮೇಲು. ಧ್ರುವನಕ್ಷತ್ರ ಬೆಂಗಳೂರಿಗೆ ದಿಗಂತದಿಂದ ಸುಮಾರು 13 ಡಿಗ್ರಿ ಎತ್ತರದಲ್ಲಿದೆ, ಬೀದರಿಗೆ 18. ಧ್ರುವದತ್ತ ಗುರಿಯಿಟ್ಟು ಟೆಲಿಸ್ಕೋಪನ್ನು ತಿರುಗಿಸುವ ಈಕ್ವಟೋರಿಯಲ್ ಮೌಂಟನ್ನು ಅಷ್ಟು ತಗ್ಗಿಸಿದಾಗ ತೂಕ ಕಟ್ಟುವ ಸರಳು ಟ್ರೈಪಾಡಿನ ಕಾಲಿಗೆ ಬಡಿಯುವುದುಂಟು. ನೆಟ್ಟಗಿನ ಕಂಬದಲ್ಲಿ ಆ ತಂಟೆ ಬಹಳ ಕಡಿಮೆ. ಬಿಡಾರದ ಜಾಗ ಆರಿಸುವಾಗಲೂ ಉತ್ತರಕ್ಕೆ ಮರವೋ ಗುಡ್ಡವೋ ಅಡ್ಡವಿದೆಯೇ ಎಂದು ಹಗಲಲ್ಲೇ ನೋಡಿಕೊಳ್ಳಿ. ಅಷ್ಟು ತಗ್ಗಿನ ಧ್ರುವ ಸುಲಭವಾಗಿ ಮರೆಯಾಗುತ್ತದೆ.

ಇನ್ನು ಮೇಜಿನ ಮಾತು. ಕಂಬದ ತಲೆಗೆ ಒಂದೇ ಅಳತೆಯ ತೂತುಗಳಿರುವ ಎರಡು ತಟ್ಟೆ ಮಾಡಿಸಿ: ಮೌಂಟಿಗೆ ಕಬ್ಬಿಣದ್ದು, ಹಗಲಿಗೆ ಪ್ಲೈವುಡ್ಡಿನದು. ತರಕಾರಿ ಹೆಚ್ಚಿ, ನಕ್ಷೆ ಹರಡಿ, ಇಸ್ಪೀಟೂ ಆಡಿ. ಒಲೆ ಮಾತ್ರ ನೆಲದ ಮೇಲಿರಲಿ. ಬ್ಯಾಟರಿ ನೇತುಹಾಕಲು ತಳದಲ್ಲೊಂದು ಕೊಕ್ಕೆ ಇರಲಿ, ಭಾರ ಕೆಳಗಿದ್ದಷ್ಟೂ ಒಳ್ಳೆಯದು. ಕತ್ತಲಾದ ಮೇಲೆ ಟೆಂಟಿನ ಹಗ್ಗ, ಒದ್ದೆ ಟವೆಲ್ಲು, ಚಹಾ ಲೋಟ ಯಾವುದೂ ಆ ಕಂಬದ ಹತ್ತಿರ ಸುಳಿಯಕೂಡದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ: ತಾಳ್ಮೆಯಿಂದ ಧ್ರುವಕ್ಕೆ ಹೊಂದಿಸಿದ್ದನ್ನು ಎಡವಿದ ಒಂದು ಕಾಲು ಕೆಡಿಸುತ್ತದೆ. ಮೂರೂ ಕಾಲಿಗೆ ಬಿಳಿ ಟೇಪು ಸುತ್ತಿ, ಮಕ್ಕಳಿಗೆ ತೋರಿಸಿಡಿ.

ಯುದ್ಧಕಾಲೇ ಶಸ್ತ್ರಾಭ್ಯಾಸ ಬೇಡ. ಹೊರಡುವ ಮೊದಲು ಮನೆಯ ತಾರಸಿಯಲ್ಲೇ ದೀಪ ಆರಿಸಿ, ಒಮ್ಮೆ ಪೂರ್ತಿ ಜೋಡಿಸಿ ಬಿಚ್ಚಿ. ಯಾವ ಸ್ಪ್ಯಾನರ್ ಬೇಕೆಂಬುದು ಆಗಲೇ ಗೊತ್ತಾಗುತ್ತದೆ. ಆ ಸ್ಪ್ಯಾನರನ್ನು ದಾರ ಕಟ್ಟಿ ಕಂಬಕ್ಕೇ ತೂಗುಹಾಕಿ.