ನೆಟ್ಟಗೋ, ಓರೆಯೋ?

ಗೋಡೆಯ ಮೇಲಿನ ಪಟವು ಕೊಂಚ ವಾಲಿದ್ದರೂ ಕಣ್ಣು ಅದನ್ನು ಕೂಡಲೇ ಗುರುತಿಸುತ್ತದೆ. ಪಕ್ಕದ ದುಂಡು ಕನ್ನಡಿಯು ಅಷ್ಟೇ ತಿರುಗಿದ್ದರೂ ಯಾರ ಗಮನಕ್ಕೂ ಬಾರದು. ವೃತ್ತಕ್ಕೆ ಮೇಲು ಕೆಳಗೆಂಬುದಿಲ್ಲವಷ್ಟೆ. ವಸ್ತುವಿನ ಓರೆಯನ್ನು ಕಣ್ಣು ಅಳೆಯುವುದು ಅದರ ಆಕಾರದ ಆಧಾರದಿಂದಲೇ. ನೀಳವಾದ ವಸ್ತುವಿಗೆ ಅದರ ಉದ್ದವೇ ಅಳತೆಗೋಲು. ಎಡಬಲಗಳು ಸಮನಾಗಿರುವ ಆಕೃತಿಗೆ ಅದರ ನಡುಗೆರೆ.

ಚೌಕದ ಸಂಗತಿ ಸ್ವಾರಸ್ಯಕರವಾದುದು. ಮಕ್ಕಳ ಗಾಳಿಪಟದ ಚೌಕ ಕಾಗದವನ್ನು ಮೇಜಿನ ಅಂಚಿಗೆ ಸಮನಾಗಿಟ್ಟು ನೋಡಿರಿ. ಬಳಿಕ 45 ಡಿಗ್ರಿ ತಿರುಗಿಸಿರಿ. ಅದು ಓರೆಯಾದ ಚೌಕದಂತೆ ತೋರದೆ, ಮೂಲೆಯ ಮೇಲೆ ನೆಟ್ಟಗೆ ನಿಂತ ಬೇರೊಂದು ಆಕೃತಿಯಾಗಿಯೇ ತೋರುತ್ತದೆ. ಚೌಕಕ್ಕೆ ನಾಲ್ಕು ನಡುಗೆರೆಗಳುಂಟು. ಮೊದಲು ಬಾಹುಗಳ ನಡುವೆ ಹಾದ ಗೆರೆ ಲಂಬವಾಗಿತ್ತು, ಈಗ ಕರ್ಣವು ಲಂಬವಾಯಿತು. ಆಸ್ಟ್ರಿಯಾದ ವಿಜ್ಞಾನಿ ಅರ್ನ್‌ಸ್ಟ್ ಮಾಖ್ 1886ರಷ್ಟು ಹಿಂದೆಯೇ ಇದನ್ನು ಚರ್ಚಿಸಿದ್ದನು.

ವಸ್ತುವಿನ ಆಕಾರವಷ್ಟೇ ಅಲ್ಲ, ಅದನ್ನು ಸುತ್ತುವರಿದ ಚೌಕಟ್ಟಿನ ಆಕಾರವೂ ಕಣ್ಣನ್ನು ಆಳುತ್ತದೆ. ಅಮೆರಿಕದಲ್ಲಿ ವಿಟ್‌ಕಿನ್ ಮತ್ತು ಆಶ್ 1948ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕತ್ತಲಕೋಣೆಯಲ್ಲಿ ಹೊಳೆಯುವ ಚೌಕಟ್ಟೊಂದನ್ನು ವಾಲಿಸಿಟ್ಟು ಅದರೊಳಗಿನ ಕೋಲನ್ನು ನೆಟ್ಟಗೆ ನಿಲ್ಲಿಸಲು ಹೇಳಲಾಯಿತು. ಹಲವರು ಕೋಲನ್ನು ಚೌಕಟ್ಟು ವಾಲಿದ ಕಡೆಗೇ ವಾಲಿಸಿದರು. ಎಲ್ಲರೂ ಒಂದೇ ಪ್ರಮಾಣದಲ್ಲಿ ಭ್ರಮೆಗೊಳಗಾಗಲಿಲ್ಲವೆಂಬುದೂ ಗಮನಾರ್ಹ. ರೈಲಿನಲ್ಲಿ ಊರಿಗೆ ಹೊರಟಾಗ ನಾವೂ ಇದನ್ನು ಕಾಣಬಹುದು: ಹಳಿಯ ಒಂದು ಮಗ್ಗುಲನ್ನು ಎತ್ತರಿಸಿರುವ ತಿರುವಿನಲ್ಲಿ ಗಾಡಿ ನಿಂತರೆ, ಕಿಟಕಿಯ ಚೌಕಟ್ಟು ನೆಟ್ಟಗಿದ್ದು ಹೊರಗಿನ ಕಂಬಗಳೇ ವಾಲಿದಂತೆ ತೋರುತ್ತವೆ.

ಇದು ಬರಿಯ ವಿನೋದವಲ್ಲ. ನೆಟ್ಟಗೆ ನಿಲ್ಲಲು ನಮಗೆ ಕಣ್ಣು, ಒಳಕಿವಿಯ ಸಮತೋಲನದ ಅಂಗ, ಪಾದ ಹಾಗೂ ಕೀಲುಗಳ ಸ್ಪರ್ಶಜ್ಞಾನ ಮೂರೂ ನೆರವಾಗುತ್ತವೆ. ಮುಪ್ಪಿನಲ್ಲಿ ಕಡೆಯ ಎರಡು ಕುಂದುವುದರಿಂದ ಕಣ್ಣಿನ ಮೇಲಣ ಭಾರ ಹೆಚ್ಚುತ್ತದೆ. ಊರಿನ ಮನೆಯ ಪ್ರತಿ ಹೊಸ್ತಿಲನ್ನೂ ಬಲ್ಲ ಹಿರಿಯರು ಮಹಾನಗರದ ನಮ್ಮ ಚಿಕ್ಕ ಫ್ಲ್ಯಾಟಿಗೆ ಬಂದಾಗ, ನಡುರಾತ್ರಿ ಬಚ್ಚಲಿಗೆ ಎದ್ದು ಹೋಗುವ ಆ ಹತ್ತು ಹೆಜ್ಜೆಗಳೇ ಅಪಾಯಕಾರಿ. ದಾರಿಯಲ್ಲೊಂದು ಮಂದದೀಪವಿರಲಿ; ಬಾಗಿಲ ಚೌಕಟ್ಟೂ ಗೋಡೆಯ ಅಂಚೂ ಸ್ಪಷ್ಟವಾಗಿ ಕಾಣಲಿ. ಓರೆಯಾಗಿ ಒರಗಿಸಿದ ಹಲಗೆ, ಮಡಿಸಿದ ಮಂಚ ಮುಂತಾದವನ್ನು ಆ ದಾರಿಯಿಂದ ತೆಗೆದಿಡುವುದು ಲೇಸು. ಗೋಡೆಗೆ ಗಟ್ಟಿಯಾದ ಹಿಡಿಕೆಯೊಂದನ್ನು ಜಡಿಸಿದರೆ ಕೈಗೂ ಆಸರೆ.

ಕೋಣೆಯೇ ಹಠಾತ್ತನೆ ವಾಲಿದಂತೆ ಅಥವಾ ತಲೆಕೆಳಗಾದಂತೆ ತೋರಿದರೆ ಮಾತ್ರ ಅದನ್ನು ಕಣ್ಣಿನ ಭ್ರಮೆಯೆಂದು ತಳ್ಳಿಹಾಕಲಾಗದು. ಮಿದುಳಿನ ರಕ್ತಸಂಚಾರದ ತೊಂದರೆಯಿಂದಲೂ ಹೀಗಾಗಬಹುದು. ಬೆಳಗಾಗಲೆಂದು ಕಾಯದೆ ಒಡನೆಯೇ ಆಸ್ಪತ್ರೆಗೆ ಕರೆದೊಯ್ಯಬೇಕು.