ಹಸುರಿನ ಹೆಸರುಗಳು

ಮಳೆಗಾಲ ಮೊದಲಾಗಿ ಒಂದು ತಿಂಗಳು ಕಳೆಯುವುದರೊಳಗೆ ಮಲೆನಾಡಿನಲ್ಲಿ ಹಸುರಾಗದ ಜಾಗವೇ ಉಳಿಯುವುದಿಲ್ಲ. ಅಂಗಳದ ಕಲ್ಲು, ಬಾವಿಯ ಕಟ್ಟೆ, ಹೆಂಚಿನ ಮಾಡು, ಅಡಕೆ ಮರದ ಕಾಂಡ, ದೇವಸ್ಥಾನದ ಪೌಳಿ ಎಲ್ಲವನ್ನೂ ಏನೋ ಒಂದು ಹಸುರು ಆವರಿಸಿಕೊಳ್ಳುತ್ತದೆ. ಅದು ಏನೆಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವುದು 'ಪಾಚಿ' ಎಂಬ ಒಂದೇ ಉತ್ತರ. ನಡೆದಾಡುವವರಿಗೆ ಅಷ್ಟು ತಿಳಿದರೆ ಸಾಕು. ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಎಚ್ಚರ ತಪ್ಪಿ ಕಾಲಿಟ್ಟರೆ ಜಾರುವುದು ಖಂಡಿತ. ಆದರೆ ಸಸ್ಯಶಾಸ್ತ್ರಜ್ಞನಿಗೆ ಆ ಒಂದು ಮಾತು ಸಾಲದು. ಬಾವಿಯ ನೀರಿನಲ್ಲಿ ತೇಲುವ ಪಾಚಿ, ಗೋಡೆಯ ಮೇಲೆ ಮಖಮಲ್ಲಿನಂತೆ ಹಾಸಿದ ಪಾಚಿ, ಮರದ ತೊಗಟೆಗೆ ಬೂದುಬಣ್ಣದಲ್ಲಿ ಅಂಟಿಕೊಂಡ ಪಾಚಿ, ಈ ಮೂರಕ್ಕೂ ಒಂದಕ್ಕೊಂದಕ್ಕೆ ಇರುವ ಅಂತರವು ಹುಲ್ಲಿಗೂ ಮಾವಿನ ಮರಕ್ಕೂ ಇರುವ ಅಂತರಕ್ಕಿಂತ ದೊಡ್ಡದು. ಆದುದರಿಂದ ಅವನು ಮೊದಲನೆಯದನ್ನು ಶೈವಲವೆಂದೂ, ಎರಡನೆಯದನ್ನು ಹಾವಸೆಯೆಂದೂ, ಮೂರನೆಯದನ್ನು ಕಲ್ಲುಹೂವೆಂದೂ ಬೇರ್ಪಡಿಸುತ್ತಾನೆ.

ಶೈವಲಗಳಿಗೆ ಬೇರಿಲ್ಲ, ಕಾಂಡವಿಲ್ಲ, ಎಲೆಯಿಲ್ಲ. ಕೆರೆಯ ಅಂಚಿನಲ್ಲಿ ಕೂದಲಿನಂತೆ ತೇಲುವ ಹಸುರು ಎಳೆಗಳನ್ನು ಕೈಯಲ್ಲಿ ಎತ್ತಿದರೆ ರೇಷ್ಮೆಯಂತೆ ನುಣುಪಾಗಿ ಬೆರಳುಗಳ ನಡುವೆ ಜಾರುತ್ತವೆ. ಅದೇ ಎಳೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಪ್ರತಿಯೊಂದು ಕೋಶದೊಳಗೂ ಹಸುರು ಪಟ್ಟಿಯೊಂದು ಸುರುಳಿ ಸುತ್ತಿಕೊಂಡಿರುವುದು ಕಂಡುಬಂದರೆ ಅದು ಸ್ಪೈರೋಗೈರ. ಗುರುತಿಸಲು ಇದಕ್ಕಿಂತ ಸುಲಭವಾದ ಶೈವಲ ಮತ್ತೊಂದಿಲ್ಲವೆನ್ನಬಹುದು. ಎಲ್ಲವೂ ಹೀಗೆ ಸುಲಭವಲ್ಲ. ಕರಾವಳಿ ಮಲೆನಾಡುಗಳ ಕೆಂಪುಕಲ್ಲಿನ ಗೋಡೆಗಳ ಮೇಲೆ, ಮರಗಳ ತೊಗಟೆಯ ಮೇಲೆ ಕಾವಿ ಬಳಿದಂತೆ ಕಿತ್ತಳೆ ಬಣ್ಣದ ಪದರವೊಂದು ಕಾಣಿಸಿಕೊಳ್ಳುತ್ತದೆ. ಅದನ್ನು ನೋಡಿದವರು ಸಸ್ಯವೆಂದೇ ಎಣಿಸುವುದಿಲ್ಲ. ವಾಸ್ತವವಾಗಿ ಅದು ಟ್ರೆಂಟಿಪೋಲಿಯ ಎಂಬ ಹಸುರು ಶೈವಲ. ಗಜ್ಜರಿಗೆ ಬಣ್ಣ ಕೊಡುವಂತಹ ವರ್ಣದ್ರವ್ಯವು ಅದರ ಕೋಶಗಳಲ್ಲಿ ತುಂಬಿಕೊಂಡು ಒಳಗಿನ ಹಸುರನ್ನು ಮರೆಮಾಡುತ್ತದೆ. ಕಣ್ಣಿಗೆ ಕೆಂಪಾಗಿ ಕಂಡರೂ ಕುಲದಿಂದ ಅದು ಹಸುರೇ.

ಈ ಸಾಮಾನ್ಯ ಶೈವಲವು ಒಮ್ಮೆ ಜಗತ್ತಿನ ಗಮನವನ್ನೇ ಸೆಳೆಯಿತು. 2001ನೆಯ ಇಸವಿಯ ಮಳೆಗಾಲದಲ್ಲಿ ಕೇರಳದ ಕೆಲವು ಕಡೆಗಳಲ್ಲಿ ಕೆಂಪು ಮಳೆ ಸುರಿಯಿತು. ಒಣಗಲು ಹಾಕಿದ ಬಟ್ಟೆಗಳ ಮೇಲೆ ಕೆಂಪು ಕಲೆಗಳಾದವು. ಜನ ಬೆದರಿದರು. ಉಲ್ಕೆಯ ಧೂಳೆಂದು ಕೆಲವರೂ, ಬೇರೆ ಲೋಕದಿಂದ ಬಂದ ಜೀವಕಣಗಳೆಂದು ಕೆಲವರೂ ವಾದಿಸಿದರು. ಮಳೆಯ ನೀರನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಅದರಲ್ಲಿ ದೊರೆತುದು ಬೀಜಕಗಳು. ಅವುಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ನೋಡಿದಾಗ ಚಿಗುರಿ ಬಂದುದು ಟ್ರೆಂಟಿಪೋಲಿಯ. ಆ ಪ್ರದೇಶದ ಮರಗಳ ಮೇಲೆ ಅದೇ ಶೈವಲವು ಹೇರಳವಾಗಿ ಬೆಳೆದಿದ್ದಿತು. ಆಕಾಶದಿಂದ ಬಂದುದೆಂದು ಹೆದರಿದ ವಸ್ತುವು ಮನೆಯ ಹಿತ್ತಲಿನದೇ ಆಗಿದ್ದಿತು!

ಹಾವಸೆಯನ್ನು ಶೈವಲದಿಂದ ಬೇರ್ಪಡಿಸುವುದು ಕಷ್ಟವಲ್ಲ. ಗೋಡೆಯ ಮೇಲಿನ ಮಖಮಲ್ಲಿನಿಂದ ಒಂದು ಚಿಟಿಕೆಯಷ್ಟನ್ನು ಕಿತ್ತು ನೀರಿನಲ್ಲಿ ತೊಳೆದು ಭೂತಗನ್ನಡಿಯಿಂದ ನೋಡಬೇಕು. ಆಗ ಪ್ರತಿಯೊಂದು ಎಳೆಯೂ ಪುಟ್ಟ ಗಿಡವಾಗಿ ತೋರುತ್ತದೆ; ಅದಕ್ಕೆ ಸಣ್ಣ ಕಾಂಡವುಂಟು, ಸುತ್ತಲೂ ಕಿರಿದಾದ ಎಲೆಗಳುಂಟು. ನಿಜವಾದ ಬೇರು ಮಾತ್ರ ಇಲ್ಲ. ಕೂದಲಿನಂತಹ ಎಳೆಗಳಿಂದ ಅದು ಕಲ್ಲನ್ನು ಹಿಡಿದುಕೊಂಡಿರುತ್ತದೆ. ನೀರನ್ನು ಮೈಯಿಂದಲೇ ಹೀರುತ್ತದೆ. ಬೇಸಿಗೆಯಲ್ಲಿ ಸುಟ್ಟ ಕಾಗದದಂತೆ ಮುದುಡಿ ಸತ್ತಂತಿರುವ ಹಾವಸೆಯ ಮೇಲೆ ನೀರು ಚಿಮುಕಿಸಿದರೆ ಸ್ವಲ್ಪ ಹೊತ್ತಿನಲ್ಲಿಯೇ ಎಲೆ ಬಿಚ್ಚಿ ಹಸುರಾಗುವುದನ್ನು ಯಾರಾದರೂ ಪರೀಕ್ಷಿಸಿ ನೋಡಬಹುದು.

ಒಂದು ಹಾವಸೆಗೂ ಇನ್ನೊಂದು ಹಾವಸೆಗೂ ಇರುವ ಭೇದವನ್ನು ಎಲೆಗಳಿಂದ ಮಾತ್ರ ತಿಳಿಯಲಾಗದು. ಸಕಾಲದಲ್ಲಿ ಗಿಡದ ತುದಿಯಿಂದ ಗುಂಡುಸೂಜಿಯಂತಹ ತೊಟ್ಟೊಂದು ಮೇಲೇಳುತ್ತದೆ. ಅದರ ತಲೆಯಲ್ಲಿ ಬೀಜಕಗಳ ಚಿಕ್ಕ ಕರಂಡಕವಿರುತ್ತದೆ. ಕರಂಡಕಕ್ಕೆ ಮುಚ್ಚಳ, ಮುಚ್ಚಳ ಬಿದ್ದ ಮೇಲೆ ಬಾಯಿಯ ಸುತ್ತ ಹಲ್ಲುಗಳ ಸಾಲು. ಗಾಳಿಯ ತೇವ ಹೆಚ್ಚು ಕಡಿಮೆಯಾದಂತೆ ಈ ಹಲ್ಲುಗಳು ಬಾಗಿ ನಿಮಿರಿ ಬೀಜಕಗಳನ್ನು ಸ್ವಲ್ಪಸ್ವಲ್ಪವಾಗಿ ಹೊರಕ್ಕೆ ಬಿಡುತ್ತವೆ. ಅನೇಕ ಹಾವಸೆಗಳಲ್ಲಿ ಒಂದು ಸಾಲಿಗೆ 16 ಹಲ್ಲುಗಳಿರುತ್ತವೆ, ಕೆಲವುಗಳಲ್ಲಿ ನಾಲ್ಕೇ. ಮಹಾವಿದ್ವಾಂಸನಾದ ಲಿನೇಯಸ್ಸನೇ ಈ ಕರಂಡಕವನ್ನು ಹೂವಿನ ಪರಾಗಕೋಶವೆಂದು ಭಾವಿಸಿದ್ದನು. ಅದು ಬೀಜಕಗಳ ಮನೆಯೆಂದು ತೋರಿಸಿಕೊಟ್ಟವನು ಜರ್ಮನಿಯ ಲೈಪ್ಸಿಗ್ ನಗರದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಯೋಹಾನ್ ಹೆಡ್ವಿಗ್. ಹಗಲು ರೋಗಿಗಳನ್ನು ನೋಡುವುದರ ಜೊತೆಗೆ ದೊರೆತ ಬಿಡುವಿನಲ್ಲೆಲ್ಲ ಅವನು ಹಾವಸೆಗಳನ್ನು ನೋಡಿದನು. ಅವನು ತೀರಿಕೊಂಡುದು 1799ರಲ್ಲಿ. ಅವನ ಮಹಾಗ್ರಂಥ ಅಚ್ಚಾದುದು 1801ರಲ್ಲಿ. ಹಾವಸೆಗಳ ಶಾಸ್ತ್ರೀಯ ನಾಮಕರಣದ ಲೆಕ್ಕವು ಇಂದಿಗೂ ಬಹುಮಟ್ಟಿಗೆ ಆ ಗ್ರಂಥದಿಂದಲೇ ಆರಂಭವಾಗುತ್ತದೆ.

ಕಲ್ಲುಹೂವಿನ ಸಂಗತಿ ಮತ್ತೂ ವಿಚಿತ್ರ. ಮಸಾಲೆಯ ಡಬ್ಬಿಯಲ್ಲಿ ಲವಂಗ ಚಕ್ಕೆಗಳ ಜೊತೆಗೆ ಅದಕ್ಕೂ ಸ್ಥಾನವುಂಟು. ಅದು ಹೂವಲ್ಲ, ಒಂದು ಗಿಡವೂ ಅಲ್ಲ. ಶಿಲೀಂಧ್ರ ಮತ್ತು ಶೈವಲಗಳು ಕೂಡಿ ನಡೆಸುವ ಸಂಸಾರ ಅದು. ಶೈವಲವು ಬಿಸಿಲಿನಿಂದ ಆಹಾರವನ್ನು ತಯಾರಿಸುತ್ತದೆ. ಶಿಲೀಂಧ್ರವು ಅದಕ್ಕೆ ನೆಲೆ, ತೇವಗಳನ್ನು ಒದಗಿಸುತ್ತದೆ. ಸ್ವಿಟ್ಸರ್ಲೆಂಡಿನ ಶ್ವೆಂಡನರ್ 1867ರಲ್ಲಿ ಈ ಮಾತನ್ನು ಹೇಳಿದಾಗ ಕಲ್ಲುಹೂವುಗಳ ತಜ್ಞರೇ ಅವನನ್ನು ಹಾಸ್ಯಮಾಡಿದರು.

ಹೂಬಿಡುವ ಕಾಡುಗಿಡಗಳನ್ನು ಗುರುತಿಸುವುದು ಇದಕ್ಕಿಂತ ಸುಲಭವೆಂದು ತೋರಬಹುದು. ಹಾಗೆಂದು ನಂಬಿದರೆ ನೆಲನೆಲ್ಲಿಯ ಮುಂದೆ ಸೋಲಬೇಕಾಗುತ್ತದೆ. ಕಾಮಾಲೆಗೆ ಔಷಧವೆಂದು ನಾಟಿವೈದ್ಯರು ಬಳಸುತ್ತ ಬಂದಿರುವ ಈ ಗಿಡ ರಸ್ತೆಯಂಚಿನಲ್ಲಿಯೂ ಹೊಲದ ಬದುವಿನಲ್ಲಿಯೂ ತಾನೇ ಹುಟ್ಟುತ್ತದೆ. ಎಲೆಸಾಲಿನ ಅಡಿಯಲ್ಲಿ ನೆಲ್ಲಿಯಂತಹ ಪುಟ್ಟ ಕಾಯಿಗಳು ತೂಗುತ್ತವೆ. ಅದೇ ಜಾಗದಲ್ಲಿ, ಅದೇ ಎತ್ತರಕ್ಕೆ, ಅದೇ ಬಗೆಯ ಎಲೆಗಳಿಂದ ಕೂಡಿ ಕೆಂಪು ನೆಲನೆಲ್ಲಿ ಮೊದಲಾದ ಅದರ ಬಂಧುಗಳೂ ಬೆಳೆಯುತ್ತವೆ. ನೆಲನೆಲ್ಲಿಯ ಹೂವಿಗೆ ಐದು ದಳಗಳು, ಕಾಯಿಗೆ ಸ್ಪಷ್ಟವಾದ ತೊಟ್ಟು, ನುಣುಪಾದ ಮೈ. ಕೆಂಪು ನೆಲನೆಲ್ಲಿಯ ಹೂವಿಗೆ ಆರು ದಳಗಳು. ಕಾಯಿಗೆ ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ, ಮೈ ತರಿತರಿ. ಹೂವಾದರೋ ಸಾಸಿವೆ ಕಾಳಿಗಿಂತ ಹೆಚ್ಚು ದೊಡ್ಡದಲ್ಲ! 1988ರಲ್ಲಿ ಮದರಾಸಿನ ವೈದ್ಯವಿಜ್ಞಾನಿಗಳು ನೆಲನೆಲ್ಲಿಯ ಪುಡಿಯನ್ನು ಯಕೃತ್ತಿನ ಬಿ ವೈರಸ್ ಸೋಂಕಿದ್ದವರಿಗೆ 30 ದಿನ ಕೊಟ್ಟು ನೋಡಿ, ನೂರಕ್ಕೆ 59 ಮಂದಿಯ ರಕ್ತದಲ್ಲಿ ಸೋಂಕಿನ ಗುರುತು ಮಾಯವಾಯಿತೆಂದು ಪ್ರಕಟಿಸಿದರು. ಬೇರೆ ಕಡೆಗಳಲ್ಲಿ ಅನಂತರ ನಡೆದ ಪ್ರಯೋಗಗಳಲ್ಲಿ ಆ ಫಲ ಕಾಣಲಿಲ್ಲ. ಆಗ ಎದ್ದ ಪ್ರಶ್ನೆಗಳಲ್ಲಿ ಒಂದು ಇದು: ಎಲ್ಲರೂ ಪುಡಿಮಾಡಿದುದು ಒಂದೇ ಗಿಡವನ್ನೇ? ರೋಗಿಯ ಕೈಗೆ ಹೋಗುವ ಔಷಧದ ಮೊದಲ ಪರೀಕ್ಷೆ ಹೊಲದ ಬದುವಿನಲ್ಲಿಯೇ ಆಗಬೇಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣನ್ನು ವಂಚಿಸುವುದು ಹುಲ್ಲು. ಹುಲ್ಲಿನಂತೆ ಕಾಣುವುದೆಲ್ಲ ಹುಲ್ಲಲ್ಲ. ಗದ್ದೆಯ ಜೇಕಿನ ದಂಟನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹೊರಳಿಸಿದರೆ ಮೂರು ಏಣುಗಳು ತಾಕುತ್ತವೆ. ಎಲೆಗಳು ಮೂರು ಸಾಲಾಗಿರುತ್ತವೆ. ಗರಿಕೆಯ ದಂಟು ದುಂಡಗಿದ್ದು ಗಿಣ್ಣುಗಳಿಂದ ಕೂಡಿರುತ್ತದೆ. ಎಲೆಗಳು ಎರಡೇ ಸಾಲು. ಕಣ್ಣು ಮುಚ್ಚಿಕೊಂಡು ಬೆರಳಿನಿಂದಲೇ ಇವನ್ನು ಹೇಳಬಹುದು. ಭತ್ತದ ಪೈರಿನ ನಡುವೆ ಪೈರಿನಂತೆಯೇ ಬೆಳೆಯುವ ಕಳೆಹುಲ್ಲೊಂದುಂಟು. ತೆನೆ ಬರುವವರೆಗೂ ಹೊಸಬರಿಗೆ ಅದು ತಿಳಿಯದು. ಅನುಭವವುಳ್ಳ ರೈತಮಹಿಳೆ ಕಳೆ ಕೀಳುವಾಗ ಎಲೆ ದಂಟಿಗೆ ಸೇರುವ ಜಾಗವನ್ನು ನೋಡುತ್ತಾಳೆ. ಭತ್ತವಾದರೆ ಅಲ್ಲಿ ತೆಳುಪೊರೆಯ ನಾಲಗೆಯೊಂದು ಇರುತ್ತದೆ. ಆ ಕಳೆಗೆ ನಾಲಗೆಯಿಲ್ಲ. ಸಸ್ಯಶಾಸ್ತ್ರದ ಪುಸ್ತಕದಲ್ಲಿರುವ ಲಕ್ಷಣವೂ ಅದೇ.

ಹೀಗೆ ಗುರುತಿಸಬೇಕಾದ ಹುಲ್ಲೊಂದರ ಕಥೆ ಜೋಗದಲ್ಲಿ ಮೊದಲಾಗುತ್ತದೆ. ಶರಾವತಿಯು 253 ಮೀಟರಿನಷ್ಟು ಆಳಕ್ಕೆ ಧುಮುಕುವ ಆ ಸ್ಥಳವನ್ನು ಹಿಂದೆ ಗೇರುಸೊಪ್ಪೆಯ ಜಲಪಾತವೆಂದೂ ಕರೆಯುತ್ತಿದ್ದರು. 1919ರಲ್ಲಿ ಸೆಜ್‌ವಿಕ್ ಮತ್ತು ಬೆಲ್ ಎಂಬ ಇಬ್ಬರು ಅಲ್ಲಿಗೆ ಬಂದರು. ಬೆಲ್ಲರು ಅರಣ್ಯಾಧಿಕಾರಿಗಳಾಗಿದ್ದವರು, ಚಿಟ್ಟೆ, ಪತಂಗಗಳ ವಿಷಯದಲ್ಲಿ ಹೆಸರಾದವರು, ಕಾರವಾರವನ್ನು ತಮ್ಮ ಊರನ್ನಾಗಿ ಮಾಡಿಕೊಂಡವರು. ಇವರು ಜಲಪಾತದ ತುಂತುರಿನಲ್ಲಿ ಸದಾ ತೊಯ್ಯುತ್ತಿದ್ದ ನೆಲೆಯಲ್ಲಿ ಮೃದುವಾದ ಸಣ್ಣ ಹುಲ್ಲೊಂದನ್ನು ಕಂಡು ಅದನ್ನು ಸಂಗ್ರಹಿಸಿದರು. ಸಸ್ಯಸಂಗ್ರಹದ ಕ್ರಮ ಅಂದಿಗೂ ಇಂದಿಗೂ ಒಂದೇ. ಗಿಡವನ್ನು ಕಾಗದಗಳ ನಡುವೆ ಅದುಮಿ ಒಣಗಿಸಬೇಕು, ದಪ್ಪಹಾಳೆಗೆ ಅಂಟಿಸಬೇಕು, ಎಲ್ಲಿ, ಯಾವ ದಿನ, ಯಾರು ಕಿತ್ತರೆಂಬುದನ್ನು ಮೂಲೆಯ ಚೀಟಿಯಲ್ಲಿ ಬರೆಯಬೇಕು. ಆ ಚೀಟಿಯಿಲ್ಲದ ಒಣಗಿದ ಗಿಡಕ್ಕೂ ಕೊಟ್ಟಿಗೆಯ ಮೇವಿಗೂ ಹೆಚ್ಚು ವ್ಯತ್ಯಾಸವಿಲ್ಲ.

ಜೋಗದ ಹುಲ್ಲಿನ ಚೀಟಿ ಸರಿಯಾಗಿದ್ದಿತು. ಆದರೂ ಹುಲ್ಲಿಗೆ ಹೆಸರು ಬರಲು ಮೂವತ್ತಕ್ಕೂ ಹೆಚ್ಚು ವರ್ಷಗಳು ಬೇಕಾದವು. ಭಾರತದ ಅರಣ್ಯ ಇಲಾಖೆಯಲ್ಲಿ ದುಡಿದು ಅನಂತರ ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನಕ್ಕೆ ಹೋದ ನಾರ್ಮನ್ ಬೋರ್ ಎಂಬ ವಿದ್ವಾಂಸರು ಆ ಹಾಳೆಯನ್ನು ಪರಿಶೀಲಿಸಿದರು. ಅವರಿಗೆ ಗೊತ್ತಿದ್ದ ಯಾವ ಹುಲ್ಲಿಗೂ ಅದು ಹೊಂದಲಿಲ್ಲ. ಅದು ಹೊಸ ಪ್ರಭೇದ ಮಾತ್ರವಲ್ಲ, ಹೊಸ ಕುಲವೇ ಎಂದು ನಿರ್ಧರಿಸಿ, ಹುಲ್ಲುಗಳ ತಜ್ಞರಾದ ಹಬರ್ಡ್ ಎಂಬವರ ಗೌರವಾರ್ಥವಾಗಿ ಹಬರ್ಡಿಯ ಹೆಪ್ಟನ್ಯೂರಾನ್ ಎಂದು 1951ರಲ್ಲಿ ನಾಮಕರಣ ಮಾಡಿದರು. ಹೆಸರಿನ ಎರಡನೆಯ ಪದಕ್ಕೆ ಏಳು ನರಗಳುಳ್ಳದ್ದು ಎಂದು ಅರ್ಥ.

ಹೆಸರು ಬಂದಿತು, ಹುಲ್ಲು ಮರೆಯಾಯಿತು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಸಿದ್ಧವಾಯಿತು. ನದಿಯ ನೀರು ಕೊಳವೆಗಳ ದಾರಿ ಹಿಡಿದು ವಿದ್ಯುತ್ತಾಗಿ ನಾಡಿನ ಮನೆಗಳನ್ನೂ ಕಾರ್ಖಾನೆಗಳನ್ನೂ ಬೆಳಗಿತು. ಆ ವಿದ್ಯುತ್ತು ನಾಡಿಗೆ ಬೇಕಾಗಿದ್ದಿತು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಜಲಪಾತದ ಬಂಡೆಗಳಿಗೆ ವರ್ಷದ ಬಹುಭಾಗ ಮೊದಲಿನ ತುಂತುರು ಇಲ್ಲವಾಯಿತು. ತೇವವನ್ನೇ ನಂಬಿದ್ದ ಹುಲ್ಲಿಗೆ ಅದರಿಂದಲೇ ಕುತ್ತು ಬಂದಿರಬೇಕೆಂದು ಸಸ್ಯಶಾಸ್ತ್ರಜ್ಞರ ಊಹೆ. ನದಿಯೋಜನೆಗಳಲ್ಲಿ ಹುಲ್ಲಿನ ಲೆಕ್ಕವನ್ನು ಹಿಡಿಯುವ ಪದ್ಧತಿ ಆ ಕಾಲದಲ್ಲಿ ಇರಲಿಲ್ಲ. ಹುಡುಕಿಕೊಂಡು ಹೋದವರು ಬರಿಗೈಯಲ್ಲಿ ಮರಳಿದರು. ಕೊನೆಗೆ ಹಬರ್ಡಿಯವನ್ನು ಭೂಮಿಯಿಂದ ಅಳಿದುಹೋದ ಸಸ್ಯವೆಂದು ಎಣಿಸಲಾಯಿತು. ಅದು ಇದ್ದಿತೆಂಬುದಕ್ಕೆ ಉಳಿದ ಸಾಕ್ಷಿಯೆಂದರೆ ಕಂದುಬಣ್ಣಕ್ಕೆ ತಿರುಗಿದ ಒಣಹುಲ್ಲು ಮತ್ತು ಅದರ ಚೀಟಿ.

2002ರಲ್ಲಿ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಎಸ್. ಆರ್. ಯಾದವ್ ಮತ್ತು ಅವರ ಸಂಗಡಿಗರು ಮಹಾರಾಷ್ಟ್ರದ ತಿಲ್ಲಾರಿ ಘಟ್ಟದಲ್ಲಿ ಸಸ್ಯಗಳನ್ನು ಸಂಗ್ರಹಿಸುತ್ತಿದ್ದರು. ಅಲ್ಲಿ ನೀರು ಜಿನುಗುವ ಕಡಿದಾದ ಬಂಡೆಯ ಮೇಲೆ ಒಂದು ಹುಲ್ಲು ಕಂಡಿತು. ದಾರಿಹೋಕರಿಗೆ ಅದು ಬಂಡೆಯ ಮೇಲಿನ ಹಸುರು, ಅಷ್ಟೇ. ಹುಲ್ಲುಗಳನ್ನು ಬಲ್ಲವರಿಗೆ ಅದು ಅಲ್ಲಿ ಕಾಣಬೇಕಾದ ಯಾವ ಹುಲ್ಲೂ ಆಗಿರಲಿಲ್ಲ. ಅದರ ತೆನೆಯನ್ನು ಬಿಡಿಸಿ, ಹೊಟ್ಟುಗಳನ್ನೂ ಅವುಗಳ ನರಗಳನ್ನೂ ಪರೀಕ್ಷಿಸಿ, ಬೋರ್ ಅವರ ವರ್ಣನೆಯೊಡನೆ ಹೋಲಿಸಿದಾಗ ಸಂಶಯ ಪರಿಹಾರವಾಯಿತು. ಅದು ಹಬರ್ಡಿಯವೇ. ಜೋಗದಲ್ಲಿ ಕಂಡು 83 ವರ್ಷಗಳಾದ ಮೇಲೆ ಆ ಹುಲ್ಲು ಜೀವಂತವಾಗಿ ಮತ್ತೊಮ್ಮೆ ಮನುಷ್ಯನ ಕಣ್ಣಿಗೆ ಬಿದ್ದಿತು. ಒಂದೇ ಒಂದು ಬಂಡೆಯನ್ನು ನಂಬಿ ಬಿಡುವುದು ಅಪಾಯವೆಂದು ತಿಳಿದ ಅವರು ವಿಶ್ವವಿದ್ಯಾಲಯದ ಸಸ್ಯೋದ್ಯಾನದಲ್ಲಿ ಅದನ್ನು ಬೆಳೆಸಿ ಹೆಚ್ಚಿಸಿದರು.

ತಿಲ್ಲಾರಿಯ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಹಬರ್ಡಿಯ ಹೇಗಿರುತ್ತದೆಂಬುದು ಕಣ್ಣಿಗೆ ರೂಢಿಯಾದ ಮೇಲೆ, ಅದರಂತೆಯೇ ಇದ್ದೂ ಅದಲ್ಲದ ಇನ್ನೊಂದು ಹುಲ್ಲು ಅದೇ ಸಹ್ಯಾದ್ರಿಯಲ್ಲಿ ಅವರಿಗೆ ಸಿಕ್ಕಿತು. ಅದರ ಹೂವನ್ನು ಬಿಡಿಸಿದಾಗ ಒಳಗೆ ಇದ್ದುದು ಎರಡೇ ಕೇಸರಗಳು. ಆ ಲಕ್ಷಣವನ್ನೇ ಹೆಸರಿನಲ್ಲಿರಿಸಿ 2012ರಲ್ಲಿ ಅದನ್ನು ಹಬರ್ಡಿಯ ಡೈಯಾಂಡ್ರ ಎಂದು ಪ್ರಕಟಿಸಿದರು.